ಆನ್‌ಲೈನ್ ಮಾರುಕಟ್ಟೆಯಲ್ಲಿ ವ್ಯಾಪಾರ ಚಿಹ್ನೆಯ ರಕ್ಷಣೆ



ಮುಂಬಯಿಯಲ್ಲಿರಲಿ, ದೆಹಲಿಯಲ್ಲಿರಲಿ, ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರ ಬಚ್ಚಲುಮನೆಯಲ್ಲಿ ಇಂದಿಗೂ ಮೈಸೂರು ಸ್ಯಾಂಡಲ್ ಸಾಬೂನಿನ ಅಂಡಾಕಾರದ ಬಿಲ್ಲೆಯೊಂದು ಇದ್ದೇ ಇರುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಕಾರ್ಖಾನೆಯ ಸಾಬೂನು ಅದು. ಸಿಂಹದ ಮೈಯೂ ಆನೆಯ ತಲೆಯೂ ಉಳ್ಳ ಶರಭ ಅದರ ಗುರುತು. ಓದು ಬಾರದ ನಮ್ಮ ಅಜ್ಜಿಯರೂ ಆ ಚಿತ್ರವನ್ನು ನೋಡಿಯೇ ಸರಿಯಾದ ಸಾಬೂನನ್ನು ಆರಿಸಿಕೊಳ್ಳುತ್ತಿದ್ದರು. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಸಾಬೂನನ್ನು ನಕಲಿಯಾಗಿ ತಯಾರಿಸುತ್ತಿದ್ದ ಜಾಲವೊಂದು ಪೊಲೀಸರ ಕೈಗೆ ಸಿಕ್ಕಿತು. ವಶಪಡಿಸಿಕೊಂಡ ಸರಕಿನ ಬೆಲೆ ಸುಮಾರು 2 ಕೋಟಿ ರೂಪಾಯಿ ಎಂದು ಆಗ ಪ್ರಕಟವಾಯಿತು.

ರಾಜ್ಯ ಸರ್ಕಾರದ ಉದ್ಯಮವೊಂದಕ್ಕೆ ಇಂತಹ ನಕಲಿಯನ್ನು ಪತ್ತೆಹಚ್ಚುವ ಸಾಧನಸಂಪತ್ತು ಇರುತ್ತದೆ. ಕಾನೂನು ವಿಭಾಗವಿದೆ, ಊರೂರಿಗೆ ವಿತರಕರಿದ್ದಾರೆ. ಆದರೆ ಅಡುಗೆಮನೆಯಿಂದಲೋ, ಎರಡು ಮಗ್ಗದ ಕೊಟ್ಟಿಗೆಯಿಂದಲೋ ಸರಕು ಕಳುಹಿಸುವವರ ಪಾಡೇನು? ನಾನಿಂದು ಮಾತನಾಡಬೇಕೆಂದಿರುವುದು ಅಂಥವರನ್ನು ಕುರಿತು.

ನನಗೆ ಪರಿಚಯವಿರುವ ಒಬ್ಬ ತಾಯಿಯ ವಿಷಯವನ್ನು ಮೊದಲು ಹೇಳುತ್ತೇನೆ. ಬಾಗಲಕೋಟೆಯ ಕಡೆಯವರು; ಮದುವೆಯಾಗಿ ಬಂದು ಡೊಂಬಿವಲಿಯಲ್ಲಿ ನೆಲೆಸಿದ್ದಾರೆ. ಗಣೇಶೋತ್ಸವದ ಮಳಿಗೆಗಳಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೆಂತ್ಯದ ಹಿಟ್ಟು ಮಾರಲು ಆರಂಭಿಸಿ, ಅತ್ತೆಯವರ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸಿದರು. 2019ರಲ್ಲಿ ಮಗ ಅದನ್ನು ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಗೆ ಏರಿಸಿದ. ಪುಣೆ, ಹೈದರಾಬಾದು, ಗುರುಗ್ರಾಮಗಳಿಂದ ಬೇಡಿಕೆ ಬಂತು. ಮೂರು ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕಿ ಗ್ರಾಹಕರು ಒಳ್ಳೆಯ ಅಭಿಪ್ರಾಯ ಬರೆದರು. 2022ರ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ದೂರುಗಳು ಬರತೊಡಗಿದವು. ಚಟ್ನಿ ಮುಗ್ಗಲು ವಾಸನೆ ಹೊಡೆಯುತ್ತದೆ, ಶೇಂಗಾದ ಬದಲು ಕಡಲೆಹಿಟ್ಟು ಬೆರೆತಿದೆ ಎಂದು ಜನ ಬರೆದರು. ಆ ವಾರ ತಾವು ಹೈದರಾಬಾದಿಗೆ ಒಂದು ಪೊಟ್ಟಣವನ್ನೂ ಕಳುಹಿಸಿಲ್ಲವೆಂದು ಆಕೆಗೆ ಗೊತ್ತಿತ್ತು. ಹಾಗಾದರೆ ಕಳುಹಿಸಿದವರು ಯಾರು?

ಇದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಆನ್‌ಲೈನ್ ಮಾರುಕಟ್ಟೆಯ ರಚನೆಯನ್ನು ಸ್ವಲ್ಪ ಗಮನಿಸಬೇಕು. ಊರಿನ ಸಂತೆಯಲ್ಲಿ ಪ್ರತಿಯೊಬ್ಬ ಮಾರಾಟಗಾರನಿಗೂ ಅವನದೇ ಜಾಗ, ಅವನದೇ ತಕ್ಕಡಿ ಇರುತ್ತದೆ. ಅನೇಕ ಆನ್‌ಲೈನ್ ಮಾರುಕಟ್ಟೆಗಳಲ್ಲಿ ಹಾಗಿಲ್ಲ. ಅಲ್ಲಿ ಸರಕಿಗೊಂದು ಪುಟ. ಚಿತ್ರ, ವರ್ಣನೆ, ಗ್ರಾಹಕರ ಅಭಿಪ್ರಾಯ ಎಲ್ಲವೂ ಆ ಪುಟಕ್ಕೆ ಸೇರಿದವು. ಅದೇ ಸರಕು ತನ್ನಲ್ಲೂ ಉಂಟೆಂದು ಹೇಳುವ ಬೇರೊಬ್ಬ ಮಾರಾಟಗಾರ ಆ ಪುಟಕ್ಕೆ ತನ್ನನ್ನು ತಗುಲಿಸಿಕೊಳ್ಳಬಹುದು. ಹಾಗೆ ಸೇರಿದವನು ಹತ್ತು ರೂಪಾಯಿ ಕಡಿಮೆ ಬೆಲೆ ಹಾಕಿದರೆ, ಕೊಳ್ಳುವ ಗುಂಡಿಯನ್ನು ಒತ್ತಿದಾಗ ಬೇಡಿಕೆ ಅವನಿಗೆ ಹೋಗುವ ಸಂಭವವೇ ಹೆಚ್ಚು. ಹಲವು ಮಾರಾಟಗಾರರು ಒಂದೇ ಕಂಪನಿಯ ಟೂತ್‌ಪೇಸ್ಟನ್ನು ಮಾರುವಾಗ ಈ ಏರ್ಪಾಡು ಗ್ರಾಹಕರಿಗೆ ಅನುಕೂಲವೇ. ಆದರೆ ಜಗತ್ತಿನಲ್ಲಿ ಒಬ್ಬರೇ ತಯಾರಿಸುವ ಚಟ್ನಿಯ ಪುಟಕ್ಕೆ ಇನ್ನೊಬ್ಬ ಸೇರಿಕೊಂಡನೆಂದರೆ ಅವನು ಮಾರುತ್ತಿರುವುದು ಬಹುಮಟ್ಟಿಗೆ ನಕಲಿಯೆಂದೇ ಶಂಕಿಸಬೇಕು. ಗ್ರಾಹಕನ ಕೋಪ ಮಾತ್ರ ಪುಟದ ಮೇಲೆ ಬೀಳುತ್ತದೆ, ಅಂದರೆ ಹೆಸರಿನ ಮೇಲೆ. ಡೊಂಬಿವಲಿಯ ಆ ತಾಯಿಗೆ ಆದದ್ದು ಇದೇ.

ಅಂಗಡಿಯಲ್ಲಾದರೆ ಮುಖಪರಿಚಯ ಉಂಟು. ಆನ್‌ಲೈನ್‌ನಲ್ಲಿ ಅಂಗಡಿಯೂ ಇಲ್ಲ, ಮುಖವೂ ಇಲ್ಲ. ಕೊಳ್ಳುವವನ ಮುಂದಿರುವುದು ಒಂದು ಹೆಸರು, ಒಂದು ಚಿತ್ರ. ಆದ್ದರಿಂದ ಹೆಸರಿನ ಮೇಲಿನ ಹಕ್ಕನ್ನು ಕಾಗದದ ಮೇಲೆ ಸ್ಥಿರಪಡಿಸಿಕೊಳ್ಳುವುದು ಇಲ್ಲಿ ಮೊದಲ ಕೆಲಸ. ಬಹುಪಾಲು ಜನ ಇದನ್ನು ಕೊನೆಯ ಕೆಲಸವೆಂದು ಭಾವಿಸುತ್ತಾರೆ. ವ್ಯಾಪಾರ ಬೆಳೆಯಲಿ, ಆಮೇಲೆ ನೋಡೋಣ ಎನ್ನುತ್ತಾರೆ. ಆ ತಾಯಿಯೂ ಹಾಗೆಯೇ ಎಂದುಕೊಂಡಿದ್ದರು.

ನಮ್ಮ ದೇಶದಲ್ಲಿ ಇದನ್ನು ನಿಯಂತ್ರಿಸುವುದು 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್ 15ರಂದು. ಟ್ರೇಡ್‌ಮಾರ್ಕ್ ಎಂದು ನಾವು ಸಾಮಾನ್ಯವಾಗಿ ಕರೆಯುವ ಈ ಚಿಹ್ನೆ ಒಂದು ಪದವಾಗಿರಬಹುದು, ಚಿತ್ರವಾಗಿರಬಹುದು, ಸರಕಿನ ಆಕಾರವೋ ಪೊಟ್ಟಣವೋ ಬಣ್ಣಗಳ ಜೋಡಣೆಯೋ ಆಗಿರಬಹುದು. ಒಬ್ಬರ ಸರಕನ್ನು ಇನ್ನೊಬ್ಬರ ಸರಕಿನಿಂದ ಬೇರ್ಪಡಿಸಿ ತೋರಿಸುವ ಶಕ್ತಿ ಅದಕ್ಕಿರಬೇಕು. ನೋಂದಣಿ ಕಚೇರಿಗಳು ಮುಂಬಯಿ, ದೆಹಲಿ, ಚೆನ್ನೈ, ಕೋಲ್ಕತ್ತ, ಅಹಮದಾಬಾದುಗಳಲ್ಲಿವೆ. ಪುಣೆಯವರಿಗೆ ಮುಂಬಯಿ ಕಚೇರಿ; ಹೈದರಾಬಾದಿನವರಿಗೂ ಕರ್ನಾಟಕದವರಿಗೂ ಚೆನ್ನೈ ಕಚೇರಿ. ಈಗ ಅರ್ಜಿಯನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಸಲ್ಲಿಸಬಹುದಾದ್ದರಿಂದ ದೂರದ ತೊಡಕಿಲ್ಲ.

ಹೆಸರಿನ ಆಯ್ಕೆಯಲ್ಲಿಯೇ ಅರ್ಧ ರಕ್ಷಣೆ ಅಡಗಿದೆ. ಸರಕಿನ ಜಾತಿ, ಗುಣ, ಹುಟ್ಟಿದ ಊರು ಇವನ್ನಷ್ಟೇ ಹೇಳುವ ಪದಗಳನ್ನು ಯಾರೊಬ್ಬರ ಸ್ವತ್ತಾಗಿಸಲು 9ನೆಯ ಪ್ರಕರಣ ಸಾಮಾನ್ಯವಾಗಿ ಒಪ್ಪುವುದಿಲ್ಲ. ‘ಶುದ್ಧ ಮನೆಯ ಸಾರಿನ ಪುಡಿ’ ಎಂಬ ಹೆಸರನ್ನು ಇಟ್ಟುಕೊಂಡವರು ನಾಳೆ ಯಾರನ್ನೂ ತಡೆಯಲಾರರು. ಏಕೆಂದರೆ ಎಲ್ಲ ಸಾರಿನ ಪುಡಿಯವರೂ ಹಾಗೆ ಹೇಳಿಕೊಳ್ಳಬೇಕಾಗುತ್ತದೆ. ನಮ್ಮ ಜನರಿಗೆ ಊರಿನ ಹೆಸರಿನ ಮೋಹ ಬಹಳ. ಮೈಸೂರು, ಉಡುಪಿ, ಧಾರವಾಡ ಎಂದು ಬರೆದರೆ ಹೊರನಾಡಿನಲ್ಲಿ ಗಿರಾಕಿ ಬೇಗ ಬರುತ್ತಾನೆ ನಿಜ. ಆದರೆ ಉಡುಪಿ ಎಂಬ ಫಲಕವಿರುವ ಹೋಟೆಲುಗಳು ಮಾಟುಂಗದಿಂದ ಮೈಲಾಪುರದವರೆಗೆ ಎಷ್ಟಿವೆಯೆಂದು ನೆನೆದರೆ ಆ ಪದ ಯಾರೊಬ್ಬರದೂ ಅಲ್ಲವೆಂಬುದು ತಾನೇ ತಿಳಿಯುತ್ತದೆ. ಧಾರವಾಡ ಪೇಡಾ, ಚನ್ನಪಟ್ಟಣದ ಆಟಿಕೆ, ಇಳಕಲ್ ಸೀರೆ, ಮೈಸೂರು ರೇಷ್ಮೆ ಮೊದಲಾದವು ಭೌಗೋಳಿಕ ಸೂಚಿಕೆಗಳಾಗಿ ಬೇರೊಂದು ಅಧಿನಿಯಮದಡಿ ನೋಂದಣಿಯಾಗಿವೆ. ಅವು ಆ ಪ್ರದೇಶದ ಉತ್ಪಾದಕ ಸಮುದಾಯದ ಸೊತ್ತು. ಇಳಕಲ್ಲಿನ ನೇಕಾರರು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡು ಆ ಹೆಸರನ್ನು ಬಳಸಬಹುದು. ಅದರ ಜೊತೆಗೆ ತಮ್ಮ ಮನೆತನದ ಸ್ವಂತ ಚಿಹ್ನೆಯೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಜಾಣತನ.

ಹೆಸರನ್ನು ನಿಶ್ಚಯಿಸುವ ಮುನ್ನ ನೋಂದಣಿ ಇಲಾಖೆಯ ಅಂತರ್ಜಾಲ ತಾಣದಲ್ಲಿ ಹುಡುಕಿ ನೋಡಬೇಕು. ಅದಕ್ಕೆ ಶುಲ್ಕವಿಲ್ಲ. ಅಕ್ಷರ ಬೇರೆಯಾದರೂ ಉಚ್ಚಾರಣೆ ಒಂದೇ ಆಗುವ ಹೆಸರುಗಳನ್ನು ಹುಡುಕುವ ಸೌಲಭ್ಯವೂ ಅಲ್ಲಿದೆ. ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುವ ನಮಗೆ ಇದು ಬಹು ಮುಖ್ಯ. ಸರಕುಗಳನ್ನೂ ಸೇವೆಗಳನ್ನೂ 45 ವರ್ಗಗಳಾಗಿ ವಿಂಗಡಿಸಲಾಗಿದೆ. ಮಸಾಲೆ, ಹಿಟ್ಟು, ಕಾಫಿ ಇವು 30ನೆಯ ವರ್ಗ, ಸಾಬೂನು, ಅಗರಬತ್ತಿ 3, ಉಡುಪು 25, ಆಟಿಕೆ 28. ಅರ್ಜಿಯ ನಮೂನೆಗೆ ಟಿಎಂ-ಎ ಎಂದು ಹೆಸರು. ವ್ಯಕ್ತಿಗಳಿಗೆ, ನವೋದ್ಯಮಗಳಿಗೆ, ಸಣ್ಣ ಉದ್ಯಮಗಳಿಗೆ ವರ್ಗವೊಂದಕ್ಕೆ 4,500 ರೂಪಾಯಿ, ಉಳಿದವರಿಗೆ 9,000 ರೂಪಾಯಿ. ಇದು 2017ರ ನಿಯಮಗಳು ಕಂಪ್ಯೂಟರಿನ ಮೂಲಕ ಸಲ್ಲಿಸುವ ಅರ್ಜಿಗೆ ನಿಗದಿಪಡಿಸಿದ ಶುಲ್ಕ. ಸಣ್ಣ ಉದ್ಯಮವೆಂದು ರಿಯಾಯಿತಿ ಪಡೆಯುವವರು ಉದ್ಯಮ ನೋಂದಣಿ ಪತ್ರವನ್ನು ಲಗತ್ತಿಸಬೇಕು. ಹೆಸರು ಕನ್ನಡ ಲಿಪಿಯಲ್ಲಿದ್ದರೆ ಅದರ ಲಿಪ್ಯಂತರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಕೊಡಬೇಕಾಗುತ್ತದೆ. ಇದನ್ನು ಬಿಟ್ಟುಬಿಟ್ಟು ಆಕ್ಷೇಪಣೆ ತರಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಅರ್ಜಿ ಹಾಕಿದ ಮೇಲೆ ಸುಮ್ಮನೆ ಕೂರುವಂತಿಲ್ಲ. ಪರೀಕ್ಷಕರ ವರದಿ ಬಂದರೆ ಅದನ್ನು ಪಡೆದ 30 ದಿನಗಳೊಳಗೆ ಉತ್ತರಿಸಬೇಕು. ಒಪ್ಪಿಗೆಯಾದರೆ ಚಿಹ್ನೆ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧದ ಪ್ರತಿ ಕೈಸೇರಿದ 2 ತಿಂಗಳೊಳಗೆ ಪ್ರತ್ಯುತ್ತರ ಕೊಡದಿದ್ದರೆ ಅರ್ಜಿಯನ್ನು ನೀವೇ ಕೈಬಿಟ್ಟಂತೆ ಕಾನೂನು ಭಾವಿಸುತ್ತದೆ. ನ್ಯಾಯವಿದ್ದೂ ಅನೇಕರು ಸೋಲುವುದು ಇಲ್ಲಿ. ಇಮೇಲ್ ತೆರೆದು ನೋಡದೆ, ಮಗ ನೋಡಿರಬಹುದು, ಏಜೆಂಟರು ನೋಡಿರಬಹುದು ಎಂದು ಕಾಲ ಕಳೆಯುತ್ತದೆ. ಎಲ್ಲವೂ ಸರಿಹೋದರೆ ಅರ್ಜಿ ಹಾಕಿದ ದಿನದಿಂದಲೇ ಎಣಿಸಿ 10 ವರ್ಷಗಳಿಗೆ ನೋಂದಣಿ ಸಿಗುತ್ತದೆ. ಆಮೇಲೆ ಹತ್ತು ಹತ್ತು ವರ್ಷಕ್ಕೆ ನವೀಕರಣ. ವೃತ್ತದೊಳಗಿನ ಆರ್ ಅಕ್ಷರವನ್ನು ನೋಂದಣಿಯಾದ ಮೇಲೆಯೇ ಬಳಸಬೇಕು. ಅದಕ್ಕೆ ಮೊದಲು ಟಿಎಂ ಎಂಬ ಎರಡಕ್ಷರ ಸಾಕು.

ಇನ್ನೊಂದು ಮಾತು. ನೋಂದಣಿ ಯಾರ ಹೆಸರಿನಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ನಿಮ್ಮ ಸರಕನ್ನು ಆನ್‌ಲೈನ್‌ನಲ್ಲಿ ನಾವೇ ಮಾರಿಕೊಡುತ್ತೇವೆ ಎಂದು ಬರುವ ವಿತರಕರು ಅರ್ಜಿಯನ್ನೂ ಮಾರಾಟದ ಖಾತೆಯನ್ನೂ ತಮ್ಮ ಹೆಸರಿನಲ್ಲಿ ಮಾಡಿಕೊಳ್ಳುವುದುಂಟು. ಸ್ನೇಹ ಕೆಟ್ಟ ದಿನ ಮನೆಯ ಹೆಸರು ಅವರ ಜೇಬಿನಲ್ಲಿರುತ್ತದೆ.

ಹಾಗಾದರೆ ನೋಂದಣಿ ಮಾಡಿಸದವರಿಗೆ ಹಕ್ಕೇ ಇಲ್ಲವೇ? ಇದೆ. ತನ್ನ ಸರಕನ್ನು ಇನ್ನೊಬ್ಬರದೆಂದು ನಂಬಿಸಿ ಮಾರುವ ಸೋಗಿನ ವಿರುದ್ಧ ದಾವೆ ಹೂಡುವ ಹಕ್ಕನ್ನು 27ನೆಯ ಪ್ರಕರಣವೇ ಉಳಿಸಿಕೊಟ್ಟಿದೆ. ತಿರುನೆಲ್ವೇಲಿಯ ಇರುಟ್ಟುಕಡೈ ಹಲ್ವಾದ ಹೆಸರನ್ನು ಚೆನ್ನೈಯ ಬಂಧುಗಳು ಕೇಳಿರಬಹುದು. ಆ ಹೆಸರಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಮೊದಲಿನಿಂದ ಹೆಸರನ್ನು ಬಳಸುತ್ತ ಬಂದವರ ಹಕ್ಕು ಆಮೇಲೆ ನೋಂದಣಿ ಮಾಡಿಸಿಕೊಂಡವರ ಹಕ್ಕಿಗಿಂತ ಮೇಲು ಎಂದು ಎತ್ತಿಹಿಡಿಯಿತು. ಆದರೆ ಮೊದಲ ಬಳಕೆಯನ್ನು ಸಾಬೀತುಪಡಿಸಬೇಕಲ್ಲ! ಮೊದಲ ವರ್ಷದ ಬಿಲ್ಲುಗಳು, ಅಚ್ಚುಕೂಟದ ರಸೀತಿ, ಹಳೆಯ ಪೊಟ್ಟಣ, ಮಳಿಗೆಯಲ್ಲಿ ತೆಗೆದ ದಿನಾಂಕ ಸಹಿತ ಛಾಯಾಚಿತ್ರ, ಆಹಾರ ಪದಾರ್ಥವಾದರೆ ಪರವಾನಗಿ ಪತ್ರ ಇವೆಲ್ಲ ಒಂದು ಕಡತದಲ್ಲಿ ಇರಬೇಕು. ಇದಲ್ಲದೆ ಒಂದು ವ್ಯಾವಹಾರಿಕ ಸಂಗತಿಯನ್ನು ಮರೆಯಬಾರದು. ನ್ಯಾಯಾಲಯ ನಿಮ್ಮ ಹಳೆಯ ಬಿಲ್ಲುಗಳನ್ನು ಓದುತ್ತದೆ. ಆನ್‌ಲೈನ್ ಮಾರುಕಟ್ಟೆಯ ದೂರು ವಿಭಾಗ ಮೊದಲು ಕೇಳುವುದು ನೋಂದಣಿಯ ಸಂಖ್ಯೆಯನ್ನು. ನಿಮ್ಮ ಹೆಸರನ್ನು ಬೇರೊಬ್ಬ ನೋಂದಾಯಿಸಿಕೊಂಡು ನಿಮ್ಮ ಮೇಲೆಯೇ ದೂರು ಕೊಟ್ಟರೆ, ನಿಮ್ಮ ಪುಟ ಮೊದಲು ಮುಚ್ಚಿಹೋಗಿ ವಿಚಾರಣೆ ಆಮೇಲೆ ನಡೆಯುವ ಸಂಭವವುಂಟು.

ನೋಂದಣಿ ಸಿಕ್ಕಿತೆಂದು ಆ ಪದವೇ ಜಗತ್ತಿನಲ್ಲಿ ನಮ್ಮದಾಯಿತೆಂದು ತಿಳಿಯುವವರೂ ಇದ್ದಾರೆ. ಅವರು ನಂದಿನಿಯ ಪ್ರಕರಣವನ್ನು ನೋಡಬೇಕು. ಕರ್ನಾಟಕ ಹಾಲು ಮಹಾಮಂಡಳಿಯು 1985ರಿಂದ ನಂದಿನಿ ಎಂಬ ಹೆಸರನ್ನು ಹಾಲಿಗೂ ಹಾಲಿನ ಪದಾರ್ಥಗಳಿಗೂ ಬಳಸುತ್ತಿದೆ. ಬೆಂಗಳೂರಿನ ನಂಧಿನಿ ಡೀಲಕ್ಸ್ ಎಂಬ ಹೋಟೆಲು 1989ರಿಂದ ತನ್ನ ಹೆಸರನ್ನು ಬಳಸುತ್ತ ಬಂದು ನೋಂದಣಿ ಕೇಳಿತು. ಮಹಾಮಂಡಳಿ ವಿರೋಧಿಸಿತು. 2018ರ ಜುಲೈ 26ರಂದು ಸರ್ವೋಚ್ಚ ನ್ಯಾಯಾಲಯವು ಹೋಟೆಲಿನ ಪರವಾಗಿ ತೀರ್ಪಿತ್ತಿತು. ಎರಡೂ ಒಂದೇ ವರ್ಗದೊಳಗೆ ಬಂದರೂ ಸರಕುಗಳು ಬೇರೆ, ಚಿಹ್ನೆಗಳ ನೋಟ ಬೇರೆ, ನಂದಿನಿ ಎಂಬುದು ಪುರಾಣದ ಹೆಸರು, ವರ್ಗವಿಡೀ ಒಬ್ಬರ ಗುತ್ತಿಗೆಯಾಗದು ಎಂಬುದು ಅದರ ಸಾರ. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿನವರಿಗೆ ನೋಂದಣಿ ದೊರೆಯಲಿಲ್ಲ. ದೇವರ ಹೆಸರು, ನದಿಯ ಹೆಸರು ಇಟ್ಟುಕೊಳ್ಳುವ ನಮ್ಮ ಸಂಪ್ರದಾಯಕ್ಕೆ ಈ ತೀರ್ಪಿನಲ್ಲಿ ಒಂದು ಎಚ್ಚರಿಕೆ ಇದೆ. ಇಂತಹ ಹೆಸರಿಗೆ ವಿಶಿಷ್ಟವಾದ ಬರಹ, ಚಿತ್ರ, ಬಣ್ಣಗಳನ್ನು ಸೇರಿಸಿ ಬಲ ಕೊಡಬೇಕು.

ಈಗ ಮಾರುಕಟ್ಟೆಯೊಳಗೆ ಬರೋಣ. ದೊಡ್ಡ ಮಾರುಕಟ್ಟೆಗಳು ಚಿಹ್ನೆಯ ಒಡೆಯರಿಗಾಗಿ ಪ್ರತ್ಯೇಕ ದಾಖಲಾತಿಯ ಏರ್ಪಾಡು ಮಾಡಿವೆ. ಅಮೆಜಾನ್‌ನಲ್ಲಿ ಇದಕ್ಕೆ ಬ್ರ್ಯಾಂಡ್ ರಿಜಿಸ್ಟ್ರಿ ಎನ್ನುತ್ತಾರೆ. ಅದರಲ್ಲಿ ಸೇರಿದವರಿಗೆ ತಮ್ಮ ಪುಟದ ವರ್ಣನೆಯ ಮೇಲೆ ಹೆಚ್ಚಿನ ಹಿಡಿತವೂ, ನಕಲಿಯ ಬಗ್ಗೆ ನೇರವಾಗಿ ವರದಿ ಮಾಡುವ ದಾರಿಯೂ ಸಿಗುತ್ತದೆ. ಸೇರುವಾಗ ಪೊಟ್ಟಣದ ಮೇಲಿನ ಹೆಸರು ನೋಂದಣಿ ಪತ್ರದಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಪತ್ರದಲ್ಲಿ ಒಂದೇ ಪದವಾಗಿ, ಪೊಟ್ಟಣದಲ್ಲಿ ಎರಡು ಪದವಾಗಿ ಬರೆದಿದ್ದರೆ ಅಷ್ಟಕ್ಕೇ ಅರ್ಜಿ ಹಿಂದಿರುಗಬಹುದು. ಹೆಸರನ್ನು ಆಮೇಲೆ ಅಂಟಿಸುವ ಚೀಟಿಯಾಗಿಸದೆ ಪೊಟ್ಟಣದ ಮೇಲೆಯೇ ಮುದ್ರಿಸುವುದು ಒಳ್ಳೆಯದು.

ವಾರಕ್ಕೊಮ್ಮೆಯಾದರೂ ನಿಮ್ಮ ಪುಟವನ್ನು ಗಿರಾಕಿಯಂತೆ ತೆರೆದು ನೋಡಿರಿ. ಬೇರೆ ಮಾರಾಟಗಾರ ಸೇರಿದ್ದಾನೆಯೇ, ಬೆಲೆ ಬದಲಾಗಿದೆಯೇ, ನಿಮ್ಮ ಚಿತ್ರವನ್ನು ಕದ್ದು ಬೇರೆ ಹೆಸರಿನಲ್ಲಿ ಹಾಕಿದ್ದಾರೆಯೇ ಎಂಬುದನ್ನು ಗಮನಿಸಿರಿ. ಅನುಮಾನ ಬಂದರೆ ಕೂಡಲೇ ಜಗಳಕ್ಕಿಳಿಯದೆ, ಸಾಮಾನ್ಯ ಗ್ರಾಹಕರಂತೆ ಆ ಮಾರಾಟಗಾರನಿಂದ ಒಂದು ಪೊಟ್ಟಣ ತರಿಸಿರಿ. ಅದನ್ನು ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ಚಿತ್ರೀಕರಿಸಿ, ಹೊರಗಿನ ವಿಳಾಸದ ಚೀಟಿಯನ್ನೂ ಬಿಲ್ಲನ್ನೂ ಜೋಪಾನವಾಗಿಡಿ. ಬಿಲ್ಲಿನಲ್ಲಿ ಮಾರಾಟಗಾರನ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ ಸಿಗುತ್ತವೆ. ಡೊಂಬಿವಲಿಯ ತಾಯಿ ತರಿಸಿದ ಪೊಟ್ಟಣದಲ್ಲಿ ಅವರ ಚೀಟಿಯನ್ನೇ ನೆರಳಚ್ಚು ಮಾಡಿ ಅಂಟಿಸಲಾಗಿತ್ತು. ಆಹಾರ ಪರವಾನಗಿಯ 14 ಅಂಕಿಗಳಲ್ಲಿ ಕೊನೆಯ ಮೂರು ಮಾಸಿಹೋಗಿದ್ದವು, ತಯಾರಿಕೆಯ ತಂಡದ ಸಂಖ್ಯೆ ಇರಲೇ ಇಲ್ಲ. ಗುರೆಳ್ಳು ಚಟ್ನಿಯ ರುಚಿ ನೋಡಿ ಆಕೆ ಹೇಳಿದ ಮಾತನ್ನು ಈ ಸಭೆಯಲ್ಲಿ ಹೇಳುವಂತಿಲ್ಲ.

ಪುಟದ ಛಾಯೆಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡರಷ್ಟೇ ಸಾಲದು. ನ್ಯಾಯಾಲಯದಲ್ಲಿ ಅದನ್ನು ಮುಂದಿಡಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಪ್ರಮಾಣಪತ್ರವೊಂದನ್ನು ಜೊತೆಗಿಡಬೇಕು. ದಿನಾಂಕ, ಸಮಯ, ಪುಟದ ಪೂರ್ಣ ವಿಳಾಸ ಕಾಣುವಂತೆ ಅಂದೇ ಹಿಡಿದಿಟ್ಟುಕೊಂಡರೆ ಮುಂದೆ ತೊಂದರೆಯಿಲ್ಲ.

ದೂರನ್ನು ಎಲ್ಲಿಗೆ ಕೊಡಬೇಕು? ಗ್ರಾಹಕ ಸೇವೆಯ ದೂರವಾಣಿಗೆ ಕರೆ ಮಾಡಿ ಗೋಳು ಹೇಳಿಕೊಂಡರೆ ಪ್ರಯೋಜನ ಕಡಿಮೆ. ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳಂತೆ ಪ್ರತಿಯೊಂದು ಆನ್‌ಲೈನ್ ಮಾರುಕಟ್ಟೆಯೂ ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ, ಅವರ ಹೆಸರನ್ನೂ ಸಂಪರ್ಕದ ವಿವರವನ್ನೂ ತನ್ನ ತಾಣದಲ್ಲಿ ಪ್ರಕಟಿಸಬೇಕು. ಗ್ರಾಹಕರ ದೂರು ತಲುಪಿತೆಂದು ಆ ಅಧಿಕಾರಿ 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಮೋಸಹೋದ ಗಿರಾಕಿಯೂ ಈ ದಾರಿ ಹಿಡಿಯುವಂತೆ ನೀವು ತಿಳಿಹೇಳಬಹುದು. ಅವರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಸಹ ಇದೆ. ಚಿಹ್ನೆಯ ಹಕ್ಕನ್ನು ಉಲ್ಲಂಘಿಸಿದ್ದಕ್ಕಾಗಿ ತೆಗೆದುಹಾಕಲಾದ ಸರಕನ್ನು ಮತ್ತೆ ಮತ್ತೆ ಮಾರಲು ಬರುವವರ ವಿವರಗಳನ್ನು ದಾಖಲೆಯಲ್ಲಿಡಲು ಮಾರುಕಟ್ಟೆಯು ಸೂಕ್ತ ಪ್ರಯತ್ನ ಮಾಡಬೇಕೆಂದೂ ಅವೇ ನಿಯಮಗಳು ಹೇಳುತ್ತವೆ. ನಿಮ್ಮ ದೂರಿನಲ್ಲಿ ಈ ಅಂಶವನ್ನು ಎತ್ತಿ ಬರೆಯಿರಿ. ಭಾವನೆಗಳನ್ನು ಬದಿಗಿಟ್ಟು, ನೋಂದಣಿ ಅಥವಾ ಅರ್ಜಿಯ ಸಂಖ್ಯೆ, ಆಕ್ಷೇಪಾರ್ಹ ಪುಟದ ವಿಳಾಸ, ಮಾರಾಟಗಾರನ ಹೆಸರು, ತರಿಸಿದ ಪೊಟ್ಟಣದ ಬಿಲ್ಲು, ಅಸಲು ನಕಲುಗಳನ್ನು ಅಕ್ಕಪಕ್ಕ ಇಟ್ಟ ಚಿತ್ರ, ಇಷ್ಟನ್ನು ಒಂದೇ ಪತ್ರದಲ್ಲಿ ಕೊಟ್ಟರೆ ಅಧಿಕಾರಿಗೆ ತಪ್ಪಿಸಿಕೊಳ್ಳಲು ಎಡೆಯಿರುವುದಿಲ್ಲ.

ಮಾರುಕಟ್ಟೆ ನಡೆಸುವವರೇ ಹೊಣೆಯಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಇದು ಇನ್ನೂ ತಿಳಿಯಾಗದ ಪ್ರಶ್ನೆ. ಮಾಹಿತಿ ತಂತ್ರಜ್ಞಾನ ಅಧಿನಿಯಮದ 79ನೆಯ ಪ್ರಕರಣವು, ಬೇರೆಯವರು ಏರಿಸಿದ ವಿಷಯಕ್ಕೆ ಮಧ್ಯವರ್ತಿಯನ್ನು ಕೆಲವು ಷರತ್ತುಗಳಿಗೆ ಒಳಪಟ್ಟು ಹೊಣೆಯಿಂದ ಬಿಡುಗಡೆ ಮಾಡುತ್ತದೆ. 2018ರಲ್ಲಿ ಕ್ರಿಶ್ಚಿಯನ್ ಲೂಬುಟಾನ್ ಎಂಬ ಪಾದರಕ್ಷೆಯ ಚಿಹ್ನೆಯ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು, ಮಾರಾಟದಲ್ಲಿ ಸಕ್ರಿಯವಾಗಿ ಕೈಜೋಡಿಸುವ ತಾಣಕ್ಕೆ ಈ ಆಶ್ರಯ ಸಿಗದು ಎಂಬ ಅಭಿಪ್ರಾಯ ತಳೆಯಿತು. 2020ರ ಜನವರಿಯಲ್ಲಿ ಆಮ್‌ವೇ ಪ್ರಕರಣದ ಮೇಲ್ಮನವಿಯಲ್ಲಿ ಅದೇ ನ್ಯಾಯಾಲಯದ ವಿಭಾಗೀಯ ಪೀಠವು, ಸಕ್ರಿಯ ನಿಷ್ಕ್ರಿಯವೆಂಬ ಭೇದ ಆ ಪ್ರಕರಣದ ಮಾತುಗಳಲ್ಲೇ ಇಲ್ಲವೆಂದಿತು. ಆದರೆ 2022ರ ಆಗಸ್ಟಿನಲ್ಲಿ ನಮ್ಮ ವಿಷಯಕ್ಕೆ ತೀರ ಹತ್ತಿರದ ಪ್ರಕರಣವೊಂದು ಬಂತು. ವಿ ಟ್ರೆಡಿಷನ್ ಎಂಬ ಹೆಸರಿನಲ್ಲಿ ಮಹಿಳೆಯರ ಉಡುಪು ಮಾರುತ್ತಿದ್ದ ಸಣ್ಣ ವ್ಯಾಪಾರಿಯೊಬ್ಬರು, ತಮ್ಮ ಪುಟಕ್ಕೆ ಬೇರೆ ಮಾರಾಟಗಾರರು ತಗುಲಿಕೊಳ್ಳಲು ಫ್ಲಿಪ್‌ಕಾರ್ಟ್ ಅವಕಾಶ ಕೊಡುತ್ತಿದೆಯೆಂದು ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. ಒಡೆಯರ ಒಪ್ಪಿಗೆಯಿಲ್ಲದೆ ಅವರ ಹೆಸರಿಗೂ ಚಿತ್ರಗಳಿಗೂ ಹೀಗೆ ಜೋತುಬೀಳುವುದು ಅವರ ಕೀರ್ತಿಯ ಮೇಲೆ ಸವಾರಿ ಮಾಡಿದಂತೆ ಎಂದು ನ್ಯಾಯಾಲಯ ಭಾವಿಸಿ, ಆ ಪುಟಗಳಿಗೆ ಸಂಬಂಧಿಸಿ ತಡೆಯಾಜ್ಞೆ ನೀಡಿತು. ಸಣ್ಣವರಿಗೂ ಬಾಗಿಲು ತೆರೆದಿದೆ ಎನ್ನಲು ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಮುಂದಿನ ವರ್ಷ, 2023ರ ಆಗಸ್ಟಿನಲ್ಲಿ, ಒಬ್ಬರ ಚಿಹ್ನೆಯನ್ನು ಇನ್ನೊಬ್ಬರ ಜಾಹೀರಾತಿಗೆ ಹುಡುಕುಪದವಾಗಿ ಮಾರುವ ವಿಷಯದಲ್ಲಿ ಗೂಗಲ್ ಸಂಸ್ಥೆ ಬರಿಯ ಮೂಕಪ್ರೇಕ್ಷಕನಲ್ಲವೆಂದೂ ಅದೇ ನ್ಯಾಯಾಲಯದ ವಿಭಾಗೀಯ ಪೀಠ ಹೇಳಿದೆ. ಹೀಗೆ ತಕ್ಕಡಿ ಒಮ್ಮೆ ಅತ್ತ, ಒಮ್ಮೆ ಇತ್ತ ತೂಗುತ್ತಿದೆ. ಮಾರುಕಟ್ಟೆಯವರು ತಾವಾಗಿಯೇ ನಮ್ಮ ಹೆಸರನ್ನು ಕಾಯುತ್ತಾರೆಂದು ನಂಬಿ ಕೂರಲು ಕಾಲ ಇನ್ನೂ ಬಂದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಿಮ್ಮ ಅನುಮತಿಯಿಲ್ಲದೆ ಮಾರುವವರೆಲ್ಲ ಕಳ್ಳರಲ್ಲ. ನಿಮ್ಮ ಅಸಲು ಸರಕನ್ನು ನಿಮ್ಮ ಸಗಟು ವ್ಯಾಪಾರಿಯಿಂದ ಹಣ ಕೊಟ್ಟು ಕೊಂಡು, ಅದನ್ನು ಕೆಡಿಸದೆ, ಬದಲಿಸದೆ ಮರುಮಾರಾಟ ಮಾಡುವವನನ್ನು ಚಿಹ್ನೆಯ ಬಲದಿಂದ ಸಾಮಾನ್ಯವಾಗಿ ತಡೆಯಲಾಗದು. 30ನೆಯ ಪ್ರಕರಣ ಅವನಿಗೆ ರಕ್ಷಣೆ ಕೊಡುತ್ತದೆ. ಸ್ಯಾಮ್‌ಸಂಗ್ ಕಂಪನಿ ಹೂಡಿದ ವ್ಯಾಜ್ಯದಲ್ಲಿ 2012ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಿದೇಶದಿಂದ ತಂದ ಅಸಲು ಸರಕಿಗೂ ಇದನ್ನು ಅನ್ವಯಿಸಿತು. ಆಧಾರವಿಲ್ಲದೆ ಬೆದರಿಸಿದರೆ, ಬೆದರಿಕೆಗೆ ಗುರಿಯಾದವನೇ ನಿಮ್ಮ ಮೇಲೆ ದಾವೆ ಹೂಡಲು 142ನೆಯ ಪ್ರಕರಣದಲ್ಲಿ ಅವಕಾಶವಿದೆ. ಪೊಟ್ಟಣ ತರಿಸಿ ನೋಡಿರಿ ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕಾಗಿಯೇ.

ದೂರಿಗೆ ಫಲ ಸಿಗದಿದ್ದರೆ ನ್ಯಾಯಾಲಯ. ನೋಂದಾಯಿತ ಚಿಹ್ನೆಯ ಒಡೆಯನು ತಾನು ವಾಸಿಸುವ ಅಥವಾ ವ್ಯಾಪಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲಿಯೇ ದಾವೆ ಹೂಡಬಹುದೆಂದು 134ನೆಯ ಪ್ರಕರಣ ಅನುಕೂಲ ಮಾಡಿಕೊಟ್ಟಿದೆ. ನಕಲು ಮಾಡಿದವನು ಸೂರತ್ತಿನಲ್ಲಿರಲಿ, ಲೂಧಿಯಾನದಲ್ಲಿರಲಿ, ಪುಣೆಯವರು ಪುಣೆಯಲ್ಲಿಯೇ ಕೇಳಬಹುದು. ಸೋಗಿನ ದಾವೆಗೆ ಈ ಅನುಕೂಲವಿಲ್ಲ; ನೋಂದಣಿಗೆ ಇದೂ ಒಂದು ಕಾರಣ. ತಡೆಯಾಜ್ಞೆ, ನಷ್ಟಪರಿಹಾರ ಅಥವಾ ಅವನು ಗಳಿಸಿದ ಲಾಭದ ಲೆಕ್ಕ, ನಕಲಿ ಚೀಟಿಗಳ ನಾಶ ಇವನ್ನು ಬೇಡಬಹುದು. ಸುಳ್ಳು ಚಿಹ್ನೆ ಹಚ್ಚಿ ಮಾರುವುದು ಅಪರಾಧವೂ ಹೌದು. ಅದಕ್ಕೆ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಗಳವರೆಗೆ ದಂಡ ಎಂದು ಅಧಿನಿಯಮ ಹೇಳುತ್ತದೆ. ಉಪಪೊಲೀಸ್ ಅಧೀಕ್ಷಕರ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ವಾರಂಟು ಇಲ್ಲದೆ ಶೋಧಿಸಿ ಜಪ್ತಿ ಮಾಡಬಹುದು. ಆದರೆ ಅದಕ್ಕೆ ಮುನ್ನ ಚಿಹ್ನೆಯ ಬಗ್ಗೆ ನೋಂದಣಾಧಿಕಾರಿಯ ಅಭಿಪ್ರಾಯ ಪಡೆಯಬೇಕು.

ಡೊಂಬಿವಲಿಯ ತಾಯಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಮೊದಲ ದೂರನ್ನು ಅವರ ಮಗ ದೂರವಾಣಿಯಲ್ಲಿ ಕೊಟ್ಟಿದ್ದ; ಏನೂ ಆಗಲಿಲ್ಲ. ಎರಡನೆಯ ಸಲ ಬ್ರ್ಯಾಂಡ್ ವಿಭಾಗಕ್ಕೆ ಬರೆದಾಗ ನೋಂದಣಿ ಸಂಖ್ಯೆ ಕೇಳಿದರು, ಇವರಲ್ಲಿರಲಿಲ್ಲ. ಆ ವಾರವೇ 30ನೆಯ ವರ್ಗದಲ್ಲಿ ಅರ್ಜಿ ಹಾಕಿದರು, ಮೊದಲ ಗಣೇಶೋತ್ಸವದ ಮಳಿಗೆಯ ರಸೀತಿಯನ್ನು ಪ್ರಮಾಣಪತ್ರದೊಡನೆ ಲಗತ್ತಿಸಿದರು. ಅರ್ಜಿಯ ಸಂಖ್ಯೆ, ತರಿಸಿದ ಪೊಟ್ಟಣದ ಬಿಲ್ಲು, ಚಿತ್ರ ಇವನ್ನೆಲ್ಲ ಸೇರಿಸಿ ಕುಂದುಕೊರತೆ ಅಧಿಕಾರಿಗೆ ಬರೆದ ಮೂರನೆಯ ಪತ್ರಕ್ಕೆ ಹತ್ತೊಂಬತ್ತನೆಯ ದಿನ ಉತ್ತರ ಬಂತು. ತಗುಲಿಕೊಂಡಿದ್ದ ಮಾರಾಟಗಾರನನ್ನು ಪುಟದಿಂದ ತೆಗೆಯಲಾಗಿತ್ತು. ಕೆಟ್ಟ ಅಭಿಪ್ರಾಯಗಳು ಮಾತ್ರ ಅಲ್ಲಿಯೇ ಉಳಿದವು. ಅವನ್ನು ಅಳಿಸಲು ಮಾರುಕಟ್ಟೆ ಒಪ್ಪಲಿಲ್ಲ. ಎರಡು ವರ್ಷಗಳ ತರುವಾಯ ನೋಂದಣಿ ಪತ್ರ ಬಂದಾಗ ಆಕೆ ಅದಕ್ಕೆ ಕಟ್ಟು ಹಾಕಿಸಿ ಅತ್ತೆಯವರ ಭಾವಚಿತ್ರದ ಪಕ್ಕ ತೂಗುಹಾಕಿದರು. ಈಗಲೂ ಪ್ರತಿ ಸೋಮವಾರ ಬೆಳಿಗ್ಗೆ ಕಾಫಿ ಕುಡಿಯುತ್ತ ತಮ್ಮ ಪುಟವನ್ನು ತೆರೆದು ನೋಡುತ್ತಾರೆ. ಕಳೆದ ಬಾರಿ ಭೇಟಿಯಾದಾಗ ಉಪ್ಪಿನಕಾಯಿಯನ್ನೂ ಆರಂಭಿಸುವ ಯೋಚನೆಯಿದೆ, ಅದಕ್ಕೆ ಬೇರೆ ವರ್ಗ ಬೇಕೇ ಎಂದು ಕೇಳಿದರು. 29ನೆಯ ವರ್ಗವನ್ನೂ ನೋಡಬೇಕಾಗುತ್ತದೆ, ಪೊಟ್ಟಣ ಅಚ್ಚು ಹಾಕಿಸುವ ಮುನ್ನವೇ ಅರ್ಜಿ ಹಾಕಿರಿ ಎಂದು ಹೇಳಿ ಬಂದೆ.

 ಪೊಟ್ಟಣಗಳನ್ನೂ ಕಾಗದಪತ್ರಗಳನ್ನೂ ಜೊತೆಗೆ ತಂದವರು ಕೆಲವರಿದ್ದೀರಿ. ಸಭೆ ಮುಗಿದ ಮೇಲೆ ಅವನ್ನು ಒಂದೊಂದಾಗಿ ನೋಡೋಣ.